ಸ್ವಿಸ್ ವಾಚು ಅಗ್ಗವಾಗುವ ಹೊತ್ತಲ್ಲಿ ಸ್ವದೇಶಿ ವಾಚ್ ಬ್ರ್ಯಾಂಡ್ ಕಟ್ಟುವವರ ಪಾಡೇನು?

ಭಾರತ ಮತ್ತು ಇಎಫ್‌ಟಿಎ ಒಕ್ಕೂಟದ ನಾಲ್ಕು ದೇಶಗಳ (ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್) ನಡುವಿನ ವ್ಯಾಪಾರ ಒಪ್ಪಂದಕ್ಕೆ 2024ರ ಮಾರ್ಚ್ 10ರಂದು ಸಹಿ ಬಿತ್ತು. 2025ರ ಅಕ್ಟೋಬರ್ 1ರಿಂದ ಅದು ಜಾರಿಗೂ ಬಂದಿದೆ. ಚಾಕೊಲೇಟಿನ ಜತೆಗೆ ಸ್ವಿಸ್ ವಾಚುಗಳೂ ಈ ಒಪ್ಪಂದದ ಪಟ್ಟಿಯಲ್ಲಿವೆ. ಇಲ್ಲಿಯವರೆಗೆ ಆಮದು ವಾಚಿನ ಮೇಲಿದ್ದ ಶೇ.20ರ ಮೂಲ ಸುಂಕ ಸ್ವಿಸ್ ವಾಚುಗಳ ಮಟ್ಟಿಗೆ ಏಳು ವರ್ಷಗಳಲ್ಲಿ ಹಂತ ಹಂತವಾಗಿ ಇಲ್ಲವಾಗಲಿದೆ. ಮುಂಬೈ, ದೆಹಲಿಯ ಮಾಲ್‌ಗಳಲ್ಲಿ ಗಾಜಿನಾಚೆಯ ವಾಚು ನೋಡಿ ಬೆಲೆಪಟ್ಟಿ ತಿರುಗಿಸಿ ವಾಪಸಾಗುತ್ತಿದ್ದವರಿಗೆ ಇದು ಸಿಹಿ ಸುದ್ದಿ.

ಆದರೆ ಇದೇ ಸುದ್ದಿಯನ್ನು ಆತಂಕದಿಂದ ಓದಬೇಕಾದ ಇನ್ನೊಂದು ಸಣ್ಣ ಗುಂಪಿದೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಭಾರತದಲ್ಲಿ ತಮ್ಮದೇ ಹೆಸರಿನ ವಾಚ್ ಬ್ರ್ಯಾಂಡ್ ಶುರು ಮಾಡಿದವರ ಗುಂಪದು. ಹಳೆಯ ನಾಣ್ಯಗಳನ್ನೇ ಡಯಲ್ ಮಾಡಿ ಹೆಸರಾದ ಜೈಪುರ ವಾಚ್ ಕಂಪನಿ 2013ರಲ್ಲಿ ಹುಟ್ಟಿತು. ಐಟಿ ಕ್ಷೇತ್ರದಿಂದ ಬಂದ ನಿರುಪೇಶ್ ಜೋಶಿ ಮತ್ತು ಮರ್ಸಿ ಅಮಲ್‌ರಾಜ್ ದಂಪತಿ 2018ರಲ್ಲಿ ಬೆಂಗಳೂರು ವಾಚ್ ಕಂಪನಿ ಆರಂಭಿಸಿದರು. ಆಮೇಲೆ ದೆಹಲಿ ವಾಚ್ ಕಂಪನಿ ಬಂತು, ಇನ್ನೂ ಹಲವು ಹೆಸರುಗಳು ಬಂದವು. ಇವರಲ್ಲಿ ಹೆಚ್ಚಿನವರಿಗೆ ಸ್ವಂತ ಕಾರ್ಖಾನೆಯಿಲ್ಲ. ವಿನ್ಯಾಸ ತಮ್ಮದು, ಬಿಡಿಭಾಗ ಹೊರಗಿನದು, ಮಾರಾಟ ಬಹುಪಾಲು ಆನ್‌ಲೈನ್. ಇಂಥವರಿಗೆ ಮೈಕ್ರೊಬ್ರ್ಯಾಂಡ್ ಎಂಬ ಹೆಸರಿದೆ.

ಅಷ್ಟಕ್ಕೂ ಇಲ್ಲೊಂದು ವಿಚಿತ್ರವಿದೆ. ಇವತ್ತು ಒಂದು ವಾಚು ಮಾಡಿಸುವುದು ಹಿಂದೆಂದಿಗಿಂತ ಸುಲಭ. ಅದೇ ಕಾರಣಕ್ಕೆ ವಾಚ್ ಬ್ರ್ಯಾಂಡ್ ಉಳಿಸಿಕೊಳ್ಳುವುದು ಹಿಂದೆಂದಿಗಿಂತ ಕಷ್ಟವಾಗಿದೆ.

ಕಾರ್ಖಾನೆಯ ಕಾಲ ಹೋಯಿತು

ಭಾರತದಲ್ಲಿ ಹಿಂದೆ ವಾಚ್ ಬ್ರ್ಯಾಂಡ್ ಕಟ್ಟಿದವರು ಮೊದಲು ಕಟ್ಟಿದ್ದು ಕಾರ್ಖಾನೆಯನ್ನು. ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಶುರು ಮಾಡಿತು. ಮುಂದೆ ತುಮಕೂರು, ಶ್ರೀನಗರ, ಉತ್ತರಾಖಂಡದ ರಾಣಿಬಾಗ್‌ಗೂ ಘಟಕಗಳು ಹಬ್ಬಿದವು. ಜನತಾ, ಪೈಲಟ್, ಕೊಹಿನೂರ್ ಎಂಬ ಹೆಸರುಗಳನ್ನು ಅಪ್ಪ, ಅಜ್ಜನ ಕೈಯಲ್ಲಿ ನೋಡದವರು ಕಡಿಮೆ. ಎಸ್ಸೆಸ್ಸೆಲ್ಸಿ ಪಾಸಾದರೆ ಒಂದು, ಮದುವೆಯಾದರೆ ಇನ್ನೊಂದು ಎಂಬಂತಿದ್ದ ಕಾಲವದು. ಹೈದರಾಬಾದಿನಲ್ಲಿ ಆಲ್ವಿನ್ ಕಂಪನಿ ಸೀಕೊ ಸಹಯೋಗದಲ್ಲಿ ವಾಚು ಮಾಡುತ್ತಿತ್ತು. ಅಲ್ಲಿನ ಹಳಬರಿಗೆ ಫ್ರಿಜ್ಜಿನ ಜತೆಗೆ ಆಲ್ವಿನ್ ವಾಚೂ ನೆನಪಿರಬಹುದು.

1984ರಲ್ಲಿ ಟಾಟಾ ಸಮೂಹ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮದ ಜತೆ ಸೇರಿ ಟೈಟನ್ ಸ್ಥಾಪಿಸಿತು. ಕಾರ್ಖಾನೆ ಎದ್ದಿದ್ದು ಬೆಂಗಳೂರಿನಿಂದ ಕೂಗಳತೆ ದೂರದ ಹೊಸೂರಿನಲ್ಲಿ. ಕ್ವಾರ್ಟ್ಜ್ ತಂತ್ರಜ್ಞಾನ, ಒಳ್ಳೆಯ ಶೋರೂಮು, ಮೊಜಾರ್ಟ್ ಸಂಗೀತದ ಜಾಹೀರಾತು ಇವೆಲ್ಲ ಸೇರಿ ವಾಚನ್ನು ಅಗತ್ಯದ ವಸ್ತುವಿನಿಂದ ಉಡುಗೊರೆಯ ವಸ್ತುವಾಗಿ ಬದಲಿಸಿದವು. ಎಚ್‌ಎಂಟಿ ಈ ಓಟದಲ್ಲಿ ಹಿಂದುಳಿಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ವಾಚು ಕಾರ್ಖಾನೆಯ ಜಾಗ ಕೊನೆಗೆ ಇಸ್ರೋ ಪಾಲಾಯಿತು. ಬೆಂಗಳೂರಿನ ಹೊಸ ಬ್ರ್ಯಾಂಡೊಂದು ಈಗ ಬಾಹ್ಯಾಕಾಶ ಸಾಧನೆಯನ್ನೇ ಕಥೆಯಾಗಿಸಿ ವಾಚು ಮಾರುತ್ತಿರುವುದು ಕಾಕತಾಳೀಯ!

ಈ ಎರಡೂ ಕಂಪನಿಗಳಿಗಿದ್ದ ಬಂಡವಾಳ ಇವತ್ತಿನ ಸಣ್ಣ ಉದ್ಯಮಿಯ ಕನಸಿನಲ್ಲೂ ಬರುವುದಿಲ್ಲ. ಅದು ಬೇಕಾಗಿಯೂ ಇಲ್ಲ. ಏಕೆಂದರೆ ವಾಚಿನ ಒಳಗಿನ ಯಂತ್ರ, ಅಂದರೆ ಮೂವ್‌ಮೆಂಟ್, ಈಗ ಅಂಗಡಿ ಸರಕಿನಂತೆ ಸಿಗುತ್ತದೆ. ಸೀಕೊ ಸಮೂಹದ ಎನ್‌ಎಚ್35, ಸಿಟಿಜನ್ ಸಮೂಹದ ಮಿಯೋಟಾ, ಸ್ವಿಟ್ಜರ್ಲೆಂಡಿನ ಸೆಲಿಟಾ ಇವು ಜಗತ್ತಿನ ಸಾವಿರಾರು ಬ್ರ್ಯಾಂಡ್‌ಗಳ ಹೊಟ್ಟೆಯೊಳಗಿವೆ. ಕೇಸು, ಡಯಲು, ಮುಳ್ಳು, ಪಟ್ಟಿ ಚೀನಾದ ಶೆನ್‌ಜೆನ್ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಸಿದ್ಧವಾಗುತ್ತವೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕಳಿಸಿದರೆ ಕೆಲವು ತಿಂಗಳಲ್ಲಿ ಮಾದರಿ ವಾಚು ಕೊರಿಯರ್‌ನಲ್ಲಿ ಮನೆಗೆ ಬರುತ್ತದೆ.

ಎಲ್ಲರಿಗೂ ಸಿಗುವ ವಸ್ತು ಎಲ್ಲರ ಹತ್ತಿರವೂ ಇರುತ್ತದೆ ಎಂಬುದೇ ತೊಡಕು. ಅದೇ ಯಂತ್ರ, ಅದೇ ಆಕಾರದ ಕೇಸು, ಹೆಸರು ಮಾತ್ರ ಬೇರೆ. ಹತ್ತು ಬ್ರ್ಯಾಂಡ್‌ಗಳ ಡೈವರ್ ವಾಚುಗಳ ಡಯಲಿನ ಹೆಸರು ಮುಚ್ಚಿಟ್ಟರೆ ಮಾಡಿಸಿದವರಿಗೇ ಗುರುತು ಸಿಗುವುದು ಅನುಮಾನ. ಹಾಗಾಗಿ ಹೊಸಬರು ಮಾರಬೇಕಾಗಿರುವುದು ಸಮಯವನ್ನಲ್ಲ, ಕಥೆಯನ್ನು. ಬೆಂಗಳೂರು ವಾಚ್ ಕಂಪನಿ ವಾಯುಪಡೆಯ ಮಿಗ್-21, ಕ್ರಿಕೆಟ್ಟಿನ ಕವರ್ ಡ್ರೈವ್, ಬಾಹ್ಯಾಕಾಶ ಎಂದು ಒಂದೊಂದು ಸರಣಿಗೆ ಒಂದೊಂದು ವಸ್ತು ಹಿಡಿಯಿತು. ಜೈಪುರದವರು ನಾಣ್ಯ ಹಿಡಿದರು. ಇಬ್ಬರೂ ಗಮನ ಸೆಳೆದರು. ಆದರೆ ಕಥೆಗೂ ಒಂದು ಮಿತಿ ಇದೆ. ಮಿಗ್ ವಾಚು ಕೊಂಡ ಗ್ರಾಹಕನಿಗೆ ಎರಡನೇ ವಾಚು ಮಾರಲು ಎರಡನೇ ಕಥೆ ಬೇಕು. ಪ್ರತಿ ಎರಡು ವರ್ಷಕ್ಕೊಂದು ರಾಷ್ಟ್ರೀಯ ಹೆಮ್ಮೆಯನ್ನು ಹುಡುಕುತ್ತ ಹೋಗುವುದು ಎಷ್ಟು ದಿನ ನಡೆದೀತು?

ಹೆಸರಿನದೂ ಒಂದು ತಲೆನೋವು. ಇಲ್ಲಿನ ಹಲವರು ಊರಿನ ಹೆಸರಿಗೆ ‘ವಾಚ್ ಕಂಪನಿ’ ಸೇರಿಸುವ ದಾರಿ ಹಿಡಿದಿದ್ದಾರೆ. ಕೇಳಲು ಘನವಾಗಿದೆ ನಿಜ. ಆದರೆ ಸ್ಥಳವನ್ನಷ್ಟೇ ಸೂಚಿಸುವ ಪದವನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು 1999ರ ಕಾಯ್ದೆ ಸುಲಭವಾಗಿ ಬಿಡುವುದಿಲ್ಲ. ಬೇರೆ ಹೆಸರು ಹುಡುಕಿದರೆ ಒಡವೆ ಮತ್ತು ಗಡಿಯಾರಗಳಿಗೆ ಮೀಸಲಾದ 14ನೇ ವರ್ಗದಲ್ಲಿ ಅದೇ ಸದ್ದಿನ ಹೆಸರನ್ನು ಯಾರೋ ಆಗಲೇ ನೋಂದಾಯಿಸಿಕೊಂಡಿರುತ್ತಾರೆ.

ಹದಿನೈದು ಸಾವಿರದ ವಾಚಿನ ಲೆಕ್ಕ

ಕಥೆ ಬದಿಗಿಟ್ಟು ದುಡ್ಡಿನ ಮಾತಿಗೆ ಬರೋಣ. ಅಂದಾಜು ಸಿಗಲೆಂದು ಒಂದು ಉದಾಹರಣೆ ಮಾಡಿಕೊಳ್ಳಬಹುದು. ವಾಚಿನ ಎಂಆರ್‌ಪಿ 15,000 ರೂ. ಎಂದಿಟ್ಟುಕೊಳ್ಳಿ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಗಡಿಯಾರ ಶೇ.28ರ ಪಟ್ಟಿಯಲ್ಲಿತ್ತು. ಅದೇ ನವೆಂಬರ್‌ನಲ್ಲಿ ಶೇ.18ಕ್ಕೆ ಇಳಿಯಿತು. ಶೇ.18ರ ಲೆಕ್ಕದಲ್ಲೇ 15,000ದಲ್ಲಿ 2,288 ರೂ. ತೆರಿಗೆಗೆ ಹೋಗುತ್ತದೆ. ಉಳಿದಿದ್ದು 12,712 ರೂ. ಇದರಲ್ಲಿ ಶೇ.30ರಷ್ಟು ಅಂಗಡಿಯವರಿಗೋ ಆನ್‌ಲೈನ್ ಮಳಿಗೆಗೋ ಬಿಟ್ಟುಕೊಟ್ಟರೆ ಕೈಗೆ ಬರುವುದು 8,900 ರೂ. ಆಸುಪಾಸು. ಡಬ್ಬಿ ಸಮೇತ ವಾಚು ಮಾಡಿಸಲು 5,000 ರೂ. ತಗುಲಿದ್ದರೆ ಮಿಗುವುದು ಸುಮಾರು 3,900. ಫೋಟೊ ತೆಗೆಸುವುದು, ಇನ್‌ಸ್ಟಾಗ್ರಾಂ ಜಾಹೀರಾತು, ಕೊರಿಯರ್, ವಾಪಸ್ ಬಂದ ಪಾರ್ಸೆಲ್ಲು, ವಾರಂಟಿ ರಿಪೇರಿ, ಸಂಬಳ, ಬಾಡಿಗೆ ಎಲ್ಲವೂ ಇದರಲ್ಲೇ ನಡೆಯಬೇಕು.

ಇಷ್ಟರ ಮೇಲೆ, ಬಿಡಿಭಾಗ ಮಾಡುವವರು ಒಂದೆರಡು ಡಜನ್ ವಾಚಿನ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಕೇಸಿಗೆ, ಡಯಲಿಗೆ ಕನಿಷ್ಠ ಸಂಖ್ಯೆಯ ಷರತ್ತಿರುತ್ತದೆ. 300 ವಾಚು ಎಂದುಕೊಂಡರೂ 15 ಲಕ್ಷ ರೂ. ಮೊದಲ ವಾಚು ಮಾರುವ ಮೊದಲೇ ಕೈಬಿಟ್ಟಿರುತ್ತದೆ. 300ಕ್ಕೆ 300 ಮಾರಾಟವಾದರೂ ಮೇಲಿನ ಲೆಕ್ಕದಲ್ಲಿ ಮಿಗುವುದು 11.7 ಲಕ್ಷ, ಅದೂ ಖರ್ಚು ಕಳೆಯುವ ಮುನ್ನ. ನೀಲಿ ಡಯಲಿನ ವಾಚು ಎರಡೇ ವಾರದಲ್ಲಿ ಖಾಲಿಯಾಗಿ, ಹಸಿರು ಡಯಲಿನದು ಕಪಾಟಿನಲ್ಲಿ ಕೂತರೆ? ನೀಲಿಗೆ ಮತ್ತೆ ಆರ್ಡರ್ ಕೊಡಲು ಬೇಕಾದ ದುಡ್ಡು ಹಸಿರಿನೊಳಗೆ ಸಿಕ್ಕಿಹಾಕಿಕೊಂಡಿರುತ್ತದೆ. ವಾಚು ಚೆನ್ನಾಗಿದ್ದೂ, ಗ್ರಾಹಕರು ಕೇಳುತ್ತಿದ್ದರೂ ಸಣ್ಣ ಬ್ರ್ಯಾಂಡು ಮುಗ್ಗರಿಸುವುದು ಇಂಥ ಕಡೆ.

ಅಮೆರಿಕ, ಯೂರೋಪಿನ ಮೈಕ್ರೊಬ್ರ್ಯಾಂಡ್‌ಗಳು ಈ ಸಮಸ್ಯೆಗೆ ಕಿಕ್‌ಸ್ಟಾರ್ಟರ್‌ನಂಥ ತಾಣಗಳಲ್ಲಿ ಉತ್ತರ ಕಂಡುಕೊಂಡವು. ಗ್ರಾಹಕರಿಂದ ಮುಂಗಡ ಪಡೆದು, ಆ ದುಡ್ಡಲ್ಲೇ ವಾಚು ಮಾಡಿಸಿ ಕಳಿಸುವ ಕ್ರಮವದು. ನಮ್ಮಲ್ಲಿ ಮುಂಗಡ ಬುಕಿಂಗ್ ಅಲ್ಲೊಂದು ಇಲ್ಲೊಂದು ನಡೆದರೂ, ಹೆಸರೇ ಕೇಳದ ಕಂಪನಿಗೆ ಪೂರ್ತಿ ದುಡ್ಡು ಕೊಟ್ಟು ಎಂಟು ತಿಂಗಳು ಕಾಯುವ ಗ್ರಾಹಕ ಅಪರೂಪ. ಕ್ಯಾಶ್ ಆನ್ ಡೆಲಿವರಿಗೆ ಒಗ್ಗಿದ ಮಾರುಕಟ್ಟೆಯಿಂದ ಅದನ್ನು ನಿರೀಕ್ಷಿಸುವುದೂ ಕಷ್ಟ.

ಯಂತ್ರದ ಕೀಲಿ ಬೇರೆಯವರ ಕೈಯಲ್ಲಿ

ಮೂವ್‌ಮೆಂಟ್ ಹೊರಗಿನಿಂದ ಕೊಳ್ಳುವವರ ಜುಟ್ಟು ಪೂರೈಕೆದಾರರ ಕೈಯಲ್ಲಿರುತ್ತದೆ. ಇದನ್ನು ಸ್ವಿಸ್ ಕಂಪನಿಗಳೇ ಅನುಭವಿಸಿ ತಿಳಿದಿವೆ. ಸ್ವಾಚ್ ಸಮೂಹದ ಇಟಿಎ ಕಂಪನಿ ದಶಕಗಳ ಕಾಲ ಪ್ರತಿಸ್ಪರ್ಧಿಗಳಿಗೂ ಯಂತ್ರ ಮಾರುತ್ತಿತ್ತು. ಇನ್ನು ಮಾರುವುದಿಲ್ಲ ಎಂದು ಅದು ಹೊರಟಾಗ ಸ್ವಿಸ್ ಸ್ಪರ್ಧಾ ಆಯೋಗವೇ ಮಧ್ಯೆ ಬರಬೇಕಾಯಿತು. 2013ರಲ್ಲಿ ಆದ ಇತ್ಯರ್ಥದಂತೆ ಪೂರೈಕೆಯನ್ನು ಒಮ್ಮೆಲೇ ನಿಲ್ಲಿಸದೆ, 2019ರವರೆಗೆ ಹಂತ ಹಂತವಾಗಿ ತಗ್ಗಿಸಲು ಅವಕಾಶ ಸಿಕ್ಕಿತು. ಆ ಖಾಲಿ ಜಾಗಕ್ಕೆ ಬಂದಿದ್ದು ಸೆಲಿಟಾ. ಇಟಿಎಯ ಹೆಸರಾಂತ 2824 ಯಂತ್ರದ ಪೇಟೆಂಟ್ ಅವಧಿ ಮುಗಿದಿದ್ದರಿಂದ ಅದೇ ವಿನ್ಯಾಸದ ಎಸ್‌ಡಬ್ಲ್ಯು200 ಅನ್ನು ಅದು ತಯಾರಿಸುತ್ತದೆ. ಸಾವಿರಗಟ್ಟಲೆ ಕೊಳ್ಳುವವರು ಸರದಿಯಲ್ಲಿರುವಾಗ ಭಾರತದಿಂದ ಮುನ್ನೂರು ಕೇಳುವವನ ಸ್ಥಾನ ಎಲ್ಲಿರುತ್ತದೆ ಎಂಬುದನ್ನು ಊಹಿಸಬಹುದು.

ಭಾರತದಲ್ಲಿ ಈ ಕೌಶಲವೇ ಇಲ್ಲವೇ ಎಂದರೆ, ಹಾಗಲ್ಲ. ಟೈಟನ್ ಹೊಸೂರಿನಲ್ಲಿ ಮೂವ್‌ಮೆಂಟ್ ತಯಾರಿಸುತ್ತದೆ, ಆದರೆ ಮುಖ್ಯವಾಗಿ ತನ್ನ ವಾಚುಗಳಿಗೆ. ಕೆಡಿಡಿಎಲ್ ಕಂಪನಿ ಹಿಮಾಚಲದ ಪರ್ವಾನೂದಲ್ಲಿ ಡಯಲ್ ಮತ್ತು ಬೆಂಗಳೂರಿನಲ್ಲಿ ಮುಳ್ಳುಗಳನ್ನು ತಯಾರಿಸಿ ಸ್ವಿಸ್ ಬ್ರ್ಯಾಂಡ್‌ಗಳಿಗೆ ಪೂರೈಸುತ್ತದೆ. ಅಂದರೆ ಪುಣೆಯ ಗ್ರಾಹಕನೊಬ್ಬ ಲಕ್ಷ ಕೊಟ್ಟು ಕೊಂಡ ಸ್ವಿಸ್ ವಾಚಿನ ಮುಳ್ಳು ಬೆಂಗಳೂರಿನಿಂದಲೇ ಹೋಗಿದ್ದರೂ ಆಶ್ಚರ್ಯವಿಲ್ಲ. ‘ಸ್ವಿಸ್ ಮೇಡ್’ ಎಂದು ಬರೆಯಲು 2017ರಿಂದ ತಯಾರಿಕಾ ವೆಚ್ಚದ ಕನಿಷ್ಠ ಶೇ.60 ಸ್ವಿಟ್ಜರ್ಲೆಂಡಿನಲ್ಲಿ ಆಗಿರಬೇಕು. ಉಳಿದ ಶೇ.40 ಎಲ್ಲಿಂದಲಾದರೂ ಬರಬಹುದು. ಭಾರತದಲ್ಲಿ ವಾಚು ಜೋಡಿಸುವವರು ‘ಸ್ವಿಸ್ ಯಂತ್ರ’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡರೆ, ಸ್ವಿಟ್ಜರ್ಲೆಂಡಿನವರು ಭಾರತದ ಮುಳ್ಳಿನ ಬಗ್ಗೆ ಸುಮ್ಮನಿರುತ್ತಾರೆ. ಬ್ರ್ಯಾಂಡ್ ಎಂಬುದರ ಬಲ ಇದೇ.

ಐದನೇ ವರ್ಷ ಕೆಟ್ಟರೆ ಯಾರು ಕೇಳುತ್ತಾರೆ?

ಹೊಸ ಬ್ರ್ಯಾಂಡಿನ ಬಿಡುಗಡೆಯ ದಿನ ಯಾರೂ ಕೇಳದ ಪ್ರಶ್ನೆಯೊಂದಿದೆ: ಈ ವಾಚು ಐದನೇ ವರ್ಷ ನಿಂತರೆ ಏನು ಮಾಡುವುದು? ಆಟೊಮ್ಯಾಟಿಕ್ ವಾಚಿಗೆ ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕುವ ಸರ್ವೀಸು ಬೇಕಾಗುತ್ತದೆ. ಮಾರುಕಟ್ಟೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ ರಿಪೇರಿಯವರು ಈಗ ಎಷ್ಟು ಊರಲ್ಲಿದ್ದಾರೆ? ಇದ್ದವರಲ್ಲಿ ಹಲವರು ಸೆಲ್ ಮತ್ತು ಪಟ್ಟಿ ಬದಲಿಸಿ ದಿನ ದೂಡುತ್ತಿದ್ದಾರೆ. ಮಕ್ಕಳು ಆ ಕೆಲಸಕ್ಕೆ ಬಂದಿಲ್ಲ.

ಎಚ್‌ಎಂಟಿ ಜನತಾ ಇವತ್ತಿಗೂ ಓಡುತ್ತಿದ್ದರೆ ಅದಕ್ಕೆ ಯಂತ್ರದ ಗುಣವೊಂದೇ ಕಾರಣವಲ್ಲ. ಎಚ್‌ಎಂಟಿ ತನ್ನ ಜೀವಿತಾವಧಿಯಲ್ಲಿ ಹತ್ತು ಕೋಟಿಗೂ ಹೆಚ್ಚು ವಾಚು ಮಾಡಿತು. ಹೀಗಾಗಿ ಕಂಪನಿ ಮುಚ್ಚಿದರೂ ಬಿಡಿಭಾಗ ಸಿಗುತ್ತದೆ, ಬಿಚ್ಚಿ ಜೋಡಿಸಲು ಬಲ್ಲ ಕೈಗಳೂ ಸಿಗುತ್ತವೆ. 300 ವಾಚಿನ ಬ್ರ್ಯಾಂಡಿಗೆ ಈ ಭಾಗ್ಯವಿಲ್ಲ. ಎನ್‌ಎಚ್35ನಂಥ ಸಾಮಾನ್ಯ ಯಂತ್ರ ಬಳಸಿದ್ದರೆ ಬಚಾವು. ಕೆಟ್ಟರೆ ಇಡೀ ಯಂತ್ರವನ್ನೇ ತೆಗೆದು ಹೊಸದು ಕೂರಿಸುವುದು ಸರ್ವೀಸಿಗಿಂತ ಅಗ್ಗ. ‘ಎಲ್ಲರ ಹತ್ತಿರ ಇರುವ ಯಂತ್ರವೇ ಇವರದೂ’ ಎಂದು ಮೂಗು ಮುರಿಯುವ ವಾಚುಪ್ರಿಯರು ಇದನ್ನು ಗಮನಿಸಬೇಕು. ಸಾಮಾನ್ಯ ಯಂತ್ರವೇ ಸಣ್ಣ ಬ್ರ್ಯಾಂಡಿನ ಗ್ರಾಹಕನಿಗೆ ನಿಜವಾದ ವಾರಂಟಿ.

ಆದರೆ ಡಯಲು, ಮುಳ್ಳು, ಗಾಜು, ತಿರುಗಿಸುವ ಕ್ರೌನು ಬ್ರ್ಯಾಂಡಿನವೇ ಆಗಿರುತ್ತವೆ. ಅವು ಹೋದರೆ ಹೊರಗೆಲ್ಲೂ ಸಿಗುವುದಿಲ್ಲ. ಮೊದಲ ಆರ್ಡರಿನಲ್ಲೇ ನೂರಕ್ಕೆ ಐದಾರು ಸೆಟ್ ಬಿಡಿಭಾಗ ಹೆಚ್ಚು ತರಿಸಿ ಕಪಾಟಿನಲ್ಲಿಡುವುದು ಜಾಣತನ, ಅಂದರೆ ಇನ್ನಷ್ಟು ದುಡ್ಡು ಸಿಕ್ಕಿಹಾಕಿಕೊಳ್ಳುವುದು ಖಚಿತ. ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಕೂತು ಆನ್‌ಲೈನಲ್ಲಿ ಕೊಂಡವರು ರಿಪೇರಿಗೆ ವಾಚನ್ನು ಕೊರಿಯರ್ ಮಾಡಬೇಕು. ಹೋಗಿ ಬರುವ ಖರ್ಚು ಯಾರದು, ದಾರಿಯಲ್ಲಿ ಗಾಜು ಒಡೆದರೆ ಯಾರು ಹೊಣೆ ಎಂಬುದನ್ನು ವಾರಂಟಿ ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆಯುವ ಬ್ರ್ಯಾಂಡನ್ನು ನಂಬಬಹುದು.

ನಂಬಿಕೆಯ ವಿಚಾರದಲ್ಲಿ ಭಾರತದ ಹೊಸಬರಿಗೆ ಪಿತ್ರಾರ್ಜಿತವಾಗಿ ಬಂದ ಸಾಲವೂ ಒಂದಿದೆ. ಹಳೆಯ ವಾಚು ಸಂಗ್ರಹಿಸುವ ವಿದೇಶಿಯರ ನಡುವೆ ‘ಮುಂಬೈ ಸ್ಪೆಷಲ್’ ಎಂಬ ಮಾತು ಚಾಲ್ತಿಯಲ್ಲಿದೆ. ಹಳೆ ಎಚ್‌ಎಂಟಿ, ಫಾವ್ರ್-ಲೂಬಾ ವಾಚುಗಳಿಗೆ ಬಣ್ಣ ಬಳಿದ ಹೊಸ ಡಯಲು, ಸಿಕ್ಕ ಮುಳ್ಳು, ಸಿಕ್ಕ ಕೇಸು ಜೋಡಿಸಿ ಅಸಲಿಯೆಂದು ಆನ್‌ಲೈನ್‌ನಲ್ಲಿ ಮಾರುವ ಸರಕಿಗೆ ಆ ಹೆಸರು. ಮುಂಬೈನವರಿಗೆ ಕೇಳಲು ಕಹಿಯೆನಿಸಬಹುದು. ಆದರೆ ಪ್ರಾಮಾಣಿಕವಾಗಿ ವಾಚು ಮಾಡಿ ಹೊರದೇಶಕ್ಕೆ ಮಾರಲು ಹೊರಟವರು ಮೊದಲು ದಾಟಬೇಕಾದ ಹೊಸ್ತಿಲು ಅದೇ.

ಬರೀ ಹಳೆಯ ಹೆಸರಿದ್ದರೆ ಸಾಕೇ? ಆ ಪ್ರಯೋಗವನ್ನೂ ಟೈಟನ್ ಮಾಡಿ ನೋಡಿದೆ. 1737ರಷ್ಟು ಹಿಂದಕ್ಕೆ ಚರಿತ್ರೆಯಿರುವ, ಭಾರತದಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಫಾವ್ರ್-ಲೂಬಾ ಬ್ರ್ಯಾಂಡನ್ನು ಅದು 2011ರಲ್ಲಿ ಕೊಂಡಿತು. ಹೊಸ ಮಾದರಿಗಳನ್ನು ತಂದಿತು. ಫಲ ಸಿಗಲಿಲ್ಲ. 2023ರಲ್ಲಿ ಅದು ಸ್ವಿಸ್ ವಾಚು ಮಾರಾಟ ಮಳಿಗೆಗಳ ಸರಣಿ ಎಥೋಸ್‌ನ ಅಂಗಸಂಸ್ಥೆಯ ಕೈಸೇರಿತು. ಮರುವರ್ಷ ಜಿನೀವಾದಲ್ಲಿ ಮತ್ತೆ ಬಿಡುಗಡೆಯಾಯಿತು. ಈ ಬಾರಿ ಬ್ರ್ಯಾಂಡಿನ ಒಡೆತನ ವಾಚು ಮಾಡುವವರಿಂದ ಅಂಗಡಿ ಇರುವವರಿಗೆ ಹೋಗಿರುವುದು ಗಮನಾರ್ಹ. ಟಾಟಾದಂಥ ಸಮೂಹದ ಬೆಂಬಲವಿದ್ದೂ ನಿಲ್ಲಿಸಲಾಗದ ಬ್ರ್ಯಾಂಡನ್ನು, ಹೆಸರಿಲ್ಲದ, ಶೋಕೇಸಿಲ್ಲದ ಹೊಸಬ ನಿಲ್ಲಿಸಬೇಕೆಂದರೆ ಸುಮ್ಮನೆಯೇ?

ನಡುವಿನ ಮೆಟ್ಟಿಲು

ಈಗ ಮತ್ತೆ ಸುಂಕದ ಮಾತು. ಭಾರತದ ವಾಚು ಮಾರುಕಟ್ಟೆ ಒಂದು ಏಣಿಯಿದ್ದಂತೆ. ಕೆಳಗಿನ ಮೆಟ್ಟಿಲುಗಳಲ್ಲಿ ಸೊನಾಟಾ, ಟೈಮೆಕ್ಸ್, ಕ್ಯಾಸಿಯೊ ಇವೆ. ಅಲ್ಲಿ ಸಂಖ್ಯಾಬಲವೇ ಎಲ್ಲ, ಹೊಸಬರು ಕಾಲಿಡುವಂತಿಲ್ಲ. ಅಗ್ಗದ ಸ್ಮಾರ್ಟ್‌ವಾಚುಗಳು ಅಲ್ಲಿಗೇ ನುಗ್ಗಿದವು. 2024ರಲ್ಲಿ ಅವುಗಳ ಪೂರೈಕೆ ಭಾರತದಲ್ಲಿ ಸುಮಾರು ಮೂರನೇ ಒಂದರಷ್ಟು ಕುಸಿಯಿತು. ಅದರಿಂದ ತೆರವಾದ ಕೈಗಳೆಲ್ಲ ಮುಳ್ಳಿನ ವಾಚಿಗೆ ಮರಳುತ್ತವೆಂಬ ಆಸೆ ಹಲವರಿಗಿದೆಯಾದರೂ, ಎರಡು ಸಾವಿರದ ಸ್ಮಾರ್ಟ್‌ವಾಚು ಬಿಟ್ಟವರು ಹದಿನೈದು ಸಾವಿರದ ಆಟೊಮ್ಯಾಟಿಕ್ ಕೊಳ್ಳುತ್ತಾರೆ ಎನ್ನಲು ಆಧಾರ ಸಾಲದು.

ಹತ್ತರಿಂದ ಮೂವತ್ತು ಸಾವಿರದ ನಡುವೆ ಟೈಟನ್, ಸೀಕೊ, ಸಿಟಿಜನ್ ಎದುರಾಗುತ್ತವೆ. ಅದಕ್ಕೂ ಮೇಲೆ ಟಿಸ್ಸೊದಂಥ ಸ್ವಿಸ್ ಬ್ರ್ಯಾಂಡ್‌ಗಳ ಮೆಟ್ಟಿಲು. ಸ್ವಿಸ್ ಯಂತ್ರ ಹಾಕಿದ ಭಾರತೀಯ ವಾಚುಗಳು ನಿಂತಿರುವುದೂ ಅಲ್ಲೇ. ಬೆಂಗಳೂರು ವಾಚ್ ಕಂಪನಿಯ ಹಲವು ಮಾದರಿಗಳ ಬೆಲೆ ಅರ್ಧ ಲಕ್ಷ ದಾಟುತ್ತದೆ. ಇಲ್ಲಿಯವರೆಗೆ ಈ ಮೆಟ್ಟಿಲಲ್ಲಿ ಸ್ವದೇಶಿ ವಾಚಿಗಿದ್ದ ಒಂದು ಸಣ್ಣ ಆಸರೆ ಎಂದರೆ ಪರದೇಶಿ ವಾಚಿನ ಮೇಲಿನ ಸುಂಕ. ಅದು ವರ್ಷ ವರ್ಷ ಸವೆಯುತ್ತ ಹೋದರೆ, ಎದುರಿನ ಸ್ವಿಸ್ ವಾಚು ಅಷ್ಟಷ್ಟೇ ಹತ್ತಿರ ಬರುತ್ತದೆ. ಕೋಟಿ ಬೆಲೆಯ ವಾಚಿಗೂ ಸಣ್ಣ ಬ್ರ್ಯಾಂಡಿಗೂ ಸ್ಪರ್ಧೆಯೇ ಇಲ್ಲ. ಏಟು ಬೀಳುವುದು ಐವತ್ತು ಸಾವಿರದಿಂದ ಒಂದು ಲಕ್ಷದವರೆಗಿನ ಈ ನಡುವಿನ ಮೆಟ್ಟಿಲಿಗೆ.

ಕೆಳಗೆ ಇಳಿಯೋಣವೆಂದರೆ ಜಪಾನಿ ಕಂಪನಿಗಳು ಮತ್ತು ಟೈಟನ್, ಮೇಲೇರೋಣವೆಂದರೆ ಸ್ವಂತ ಯಂತ್ರವಿಲ್ಲ. ಸರ್ಕಾರದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ ಮೊಬೈಲಿನಿಂದ ಡ್ರೋನ್‌ವರೆಗೆ 14 ವಲಯಗಳನ್ನು ಒಳಗೊಂಡಿದೆ, ಕೈಗಡಿಯಾರ ಅದರಲ್ಲಿಲ್ಲ. ಹೊಸೂರಿನಲ್ಲಿ ಯಂತ್ರ, ಬೆಂಗಳೂರಿನಲ್ಲಿ ಮುಳ್ಳು, ಪರ್ವಾನೂದಲ್ಲಿ ಡಯಲು ತಯಾರಾಗುವ ದೇಶದಲ್ಲಿ ಈ ಮೂರನ್ನೂ ನೂರಿನ್ನೂರರ ಲೆಕ್ಕದಲ್ಲಿ ಸಣ್ಣ ಉದ್ಯಮಿಗೆ ಒಂದೇ ಕಡೆ ಒದಗಿಸುವ ವ್ಯವಸ್ಥೆ ಬಂದರೆ ಶೆನ್‌ಜೆನ್ ದಾರಿ ಹಿಡಿಯುವವರು ಕೊಂಚ ಕಡಿಮೆಯಾಗಬಹುದು. ಅಂಥ ವ್ಯವಸ್ಥೆ ಕಟ್ಟಲು ಹೊರಟವರಿಗೂ ಇರುವುದು ಸುಂಕ ಇಳಿಕೆಯ ಅದೇ ಏಳು ವರ್ಷ. ಅದರ ಎಣಿಕೆ 2025ರ ಅಕ್ಟೋಬರ್‌ನಲ್ಲೇ ಶುರುವಾಗಿದೆ.